ಪಿಎಚ್ ಸರಿ ತೋರಿಸ್ತದೆ, ಆದ್ರೂ ಒಲೆ ಹತ್ತಲ್ಲ – ಮುಸುರೆ ಹಾಕೋ ಗ್ಯಾಸ್ ಪ್ಲಾಂಟು

ಪ್ರಶ್ನೆ (ಕಾರವಾರ):
ನಮ್ದು ಮೀನೂಟದ ಖಾನಾವಳಿ, ಹಿತ್ತಲಲ್ಲಿ ಡೋಮ್ ಏರೋ ಗ್ಯಾಸ್ ಪ್ಲಾಂಟ್ ಇದೆ. ಶುರುವಲ್ಲಿ ಸಗಣಿ ತುಂಬಿದ್ದು, ಆಮೇಲೆ ವರ್ಷದಿಂದ ಬರೀ ಅನ್ನ, ಸಾರು, ಬಂಗಡೆ ತಲೆ-ಕರುಳು, ದಿನಾ 20 ಕೆಜಿ. ಹೋದ ವಾರ ಮದುವೆ ಆರ್ಡರ್ ಇತ್ತು, ಉಳಿದಿದ್ದೆಲ್ಲ ಎರಡೇ ದಿನದಲ್ಲಿ ಹಾಕಿಬಿಟ್ವಿ. ಈಗ ಡೋಮ್ ಏರ್ತದೆ, ಒಲೆ ಹತ್ತಿಸಿದ್ರೆ ಆರಿ ಹೋಗ್ತದೆ, ಬಗ್ಗಡ ಹುಳಿ ವಾಸನೆ. ಪಿಎಚ್ (ಹುಳಿ ಅಳೆಯೋ ಲೆಕ್ಕ, 7ಕ್ಕಿಂತ ಕೆಳಗಿದ್ರೆ ಹುಳಿ) ಪಟ್ಟಿಯಲ್ಲಿ 7.2 ಬರ್ತದೆ, ಸರಿನೇ ಅಲ್ವಾ? ಸುಣ್ಣ ಹಾಕ್ಲಾ?

ಉತ್ತರ (ಶಿರಸಿ):
ಸುಣ್ಣ ಬೇಡ ಮಾರಾಯ್ರೆ, ಮೊದ್ಲು ಮುಸುರೆ ಹಾಕೋದು ನಿಲ್ಸಿ. ನಮ್ಮನೆದು ಸಗಣಿ ಪ್ಲಾಂಟು, ಹಬ್ಬದ ದಿನ ಒಂದು ಬಕೆಟ್ ಅನ್ನ ಹೆಚ್ಚಾದ್ರೂ ತಡ್ಕೊಳ್ತದೆ, ನಿಮ್ದಕ್ಕೆ ಆ ಆಸರೆ ಇಲ್ಲ.

ಉತ್ತರ (ಕುಮಟಾ):
ಪಿಎಚ್ ಒಂದನ್ನೇ ನಂಬ್ಬೇಡಿ. ಮೀನಿನ ಪ್ರೋಟೀನ್ ಕೊಳೆತು ಅಮೋನಿಯಾ ಆಗ್ತದೆ, ಅದು ಹುಳಿಯನ್ನ ಹಿಡಿದಿಟ್ಟುಕೊಳ್ತದೆ, ಹಾಗಾಗಿ ಒಳಗೆ ಆಸಿಡ್ ತುಂಬ್ತಾ ಇದ್ರೂ ಪಟ್ಟಿಯಲ್ಲಿ 7ರ ಮೇಲೇ ಕಾಣ್ತದೆ, ಕಡೆಗೆ ಹಿಡಿಯೋ ಶಕ್ತಿ ಮುಗಿದ ದಿನ ಪಿಎಚ್ ಧಡಕ್ಕನೆ ಬೀಳ್ತದೆ, ಆಗ ಮೀಥೇನ್, ಅಂದ್ರೆ ಉರಿಯೋ ಗ್ಯಾಸ್, ಮಾಡೋ ಜೀವಿಗಳಿಗೆ ಪೆಟ್ಟು ಬಿದ್ದಾಗಿರ್ತದೆ. ಡೋಮ್ ಏರ್ತಿರೋದು ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ, ಅದಕ್ಕೇ ಉರಿ ನಿಲ್ತಿಲ್ಲ. ಮೀಥೇನ್ ಅಂಶ ಚೆನ್ನಾಗಿರೋ ಪ್ಲಾಂಟಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು, 55-65% ಇರ್ತದೆ.

ನೋಡ್ಬೇಕಾಗಿದ್ದು ಆಸಿಡ್ ಮತ್ತೆ ಅಲ್ಕಲಿನಿಟಿ (ಹುಳಿಯನ್ನ ಹಿಡಿದಿಡೋ ಶಕ್ತಿ) ಅನುಪಾತ. ಬಗ್ಗಡ ಸೋಸಿ, 0.1 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್ ಹನಿ ಹನಿ ಬಿಟ್ಟು ಪಿಎಚ್ 5ಕ್ಕೆ ಎಷ್ಟು ಬೇಕಾಯ್ತು, ಅಲ್ಲಿಂದ 4.4ಕ್ಕೆ ಎಷ್ಟು ಅಂತ ಬರ್ಕೊಂಡು ಲೆಕ್ಕ ಹಾಕೋದು; ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಮಾಡಿಸ್ಬಹುದು, ನೀವೇ ಆಸಿಡ್ ಮುಟ್ಬೇಡಿ. ಅನುಪಾತ 0.3-0.4 ಒಳಗಿದ್ರೆ ಅಡ್ಡಿಲ್ಲ, ವಾರ ವಾರ ಏರ್ತಿದ್ರೆ ತಕ್ಷಣ ಆಹಾರ ಕಮ್ಮಿ ಮಾಡಿ.

ಇನ್ನೊಂದು, ಬರೀ ಮುಸುರೆಯಲ್ಲಿ ಆ ಜೀವಿಗಳಿಗೆ ಚೂರೇ ಚೂರು ಬೇಕಾಗೋ ನಿಕ್ಕಲ್, ಕೋಬಾಲ್ಟ್, ಸೆಲೆನಿಯಂ ಥರದ್ದು ಸಾಲೋದಿಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಪ್ಲಾಂಟೂ ಕಾರಣ ಗೊತ್ತಾಗದೆ ಹುಳಿಯಾಗೋದು ಇದಕ್ಕೂ ಇರ್ತದೆ. ಸಗಣಿ ಹಾಕಿದ್ರೆ ಅದೂ ಸಿಗ್ತದೆ, ಜೀವಿಗಳೂ ಸಿಗ್ತವೆ.

ಪ್ರಶ್ನೆ ಕೇಳಿದವರು:
ನಿಲ್ಸಿದೀವಿ, ನಾಲ್ಕು ದಿನ ಆಯ್ತು. ಪಕ್ಕದ ಮನೆ ದನದ ಸಗಣಿ ಎರಡು ಬುಟ್ಟಿ ಕಲಸಿ ಬಿಟ್ವಿ. ಇವತ್ತು ಒಲೆ ಒಂದೆರಡು ನಿಮಿಷ ಉರೀತು, ಉರಿ ಇನ್ನೂ ಸಣ್ಣದು. ಮತ್ತೆ ಶುರು ಮಾಡೋದು ದಿನಕ್ಕೆ ಎಷ್ಟು ಕೆಜಿಯಿಂದ?

ಉತ್ತರ (ಕುಮಟಾ):
ಉರಿ ಗಟ್ಟಿಯಾಗೋ ತನಕ ಕಾಯಿರಿ, ಆಮೇಲೆ 5 ಕೆಜಿ. ಮೀನಿನ ಕರುಳು ಎಲ್ಲಕ್ಕಿಂತ ಕಡೆಗೆ ಹಾಕಿ.