ಆಯಿಲ್ ಬಣ್ಣದ ಫಾರ್ವರ್ಡು, ನಮ್ಮ ಮನೆ ಗ್ರೂಪಿನಲ್ಲಿ

ದೊಡ್ಡಪ್ಪ (ಫಾರ್ವರ್ಡ್): ಇಂಜಿನ್ ಆಯಿಲ್ ಕಪ್ಪಾದರೆ ಕೆಟ್ಟಿತು ಎಂದರ್ಥ. ಜೇನಿನ ಬಣ್ಣವಿದ್ದರೆ ನಿಶ್ಚಿಂತೆ. ಎಲ್ಲರಿಗೂ ಕಳಿಸಿ.

ಮಾವ: ಸರಿಯಾದ ಹೊತ್ತಿಗೆ ಕಳಿಸಿದ್ರಿ ಭಾವ. ನನ್ನ ಡೀಸೆಲ್ ಗಾಡಿ ಸರ್ವಿಸ್ ಆಗಿ 1,500 ಕಿ.ಮೀ. ಆಗಿಲ್ಲ, ಆಗ್ಲೇ ಆಯಿಲ್ ಕಾಡಿಗೆ ಥರ ಕಪ್ಪು. ನಾಳೆನೇ ಬದಲಾಯಿಸ್ತೀನಿ.

ನಾನು: ಬೇಡ ಮಾವ, ಸುಮ್ನೆ ದುಡ್ಡು ದಂಡ. ಡೀಸೆಲ್ ಉರಿದ್ರೆ ಮಸಿ ಬರುತ್ತೆ. ಅದು ಪಿಸ್ಟನ್‌ಗೆ ಅಂಟದ ಹಾಗೆ ಆಯಿಲ್ ತನ್ನಲ್ಲೇ ತೇಲಿಸಿ ಇಟ್ಕೊಳ್ಳುತ್ತೆ. ಡಿಸ್ಪರ್ಸೆಂಟ್ ಅನ್ನೋ ಸೋಪಿನಂಥ ರಾಸಾಯನಿಕ ಹಾಕಿರೋದೇ ಅದಕ್ಕೆ. ಮಸಿ ಪಾತ್ರೆ ತೊಳೆದ ನೀರು ಕಪ್ಪಾಗಲ್ವಾ?

ದೊಡ್ಡಪ್ಪ: ನನ್ನ ಪೆಟ್ರೋಲ್ ಗಾಡೀಲಿ ಎರಡು ವರ್ಷದಿಂದ ಅದೇ ಆಯಿಲ್. ಓಡಿರೋದು 4,000. ಇನ್ನೂ ಜೇನಿನ ಬಣ್ಣ.

ನಾನು: ನನಗೆ ಯೋಚನೆ ನಿಮ್ಮ ಗಾಡಿದೇ ದೊಡ್ಡಪ್ಪ. ಆಯಿಲ್ ಬದಲಾಯಿಸೋಕೆ ಇಷ್ಟು ಕಿ.ಮೀ. ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು ಲೆಕ್ಕ.

ದೊಡ್ಡಪ್ಪ: ಸೀಲ್ ಡಬ್ಬಿ ಅಂಗಡೀಲಿ ವರ್ಷಗಟ್ಟಲೆ ಕೂತಿರಲ್ವೇನಪ್ಪಾ?

ನಾನು: ಡಬ್ಬಿ ಒಳಗೆ ಏನೂ ಉರಿಯಲ್ಲ. ನೀವು ಹೋಗೋದು ಹಾಲಿನ ಬೂತಿಗೆ, ದೇವಸ್ಥಾನಕ್ಕೆ, ಎರಡು ಕಿ.ಮೀ. ಪೆಟ್ರೋಲ್ ಉರಿದಾಗ ನೀರಾವಿನೂ ಹುಟ್ಟುತ್ತೆ. ಅದೂ, ಉರಿಯದೆ ಉಳಿದ ಪೆಟ್ರೋಲೂ ಪಿಸ್ಟನ್ ಸುತ್ತ ಇರೋ ರಿಂಗ್ ಸಂದಿಯಿಂದ ಜಾರಿ ಆಯಿಲ್‌ಗೆ ಸೇರುತ್ತೆ. ಆಯಿಲ್ ಚೆನ್ನಾಗಿ ಕಾದ್ರೆ ಎರಡೂ ಆವಿಯಾಗಿ ಹೋಗುತ್ತೆ. ನಿಮ್ಮದು ಕಾಯೋ ಮೊದಲೇ ಆಫ್. ಪೆಟ್ರೋಲ್ ಬೆರೆತು ಆಯಿಲ್ ತೆಳ್ಳಗಾದ್ರೆ ಬೇರಿಂಗ್ ಮೇಲೆ ಪೊರೆ ಸರಿಯಾಗಿ ನಿಲ್ಲಲ್ಲ. ಆಮ್ಲ ತಡೆಯೋಕೆ ಹಾಕಿರೋ ಕ್ಷಾರನೂ ಖರ್ಚಾಗ್ತಾ ಬರುತ್ತೆ. ಇದ್ಯಾವುದೂ ಬಣ್ಣದಲ್ಲಿ ಗೊತ್ತಾಗಲ್ಲ. ಆಯಿಲ್ ಹಾಕೋ ಮುಚ್ಚಳ ತೆಗೆದು ಒಳಮೈ ನೋಡಿ.

ದೊಡ್ಡಪ್ಪ: ನೋಡ್ದೆ. ಕಡೆದ ಮಜ್ಜಿಗೆ ನೊರೆ ಥರ ಬಿಳಿ ಅಂಟಿದೆ.

ಅಕ್ಕ: ಅಯ್ಯೋ, ಹೆಡ್ ಗ್ಯಾಸ್ಕೆಟ್ ಹೋಗಿದ್ಯಾ?

ನಾನು: ಗ್ಯಾಸ್ಕೆಟ್ ಹೋಗಿದ್ರೆ ಇಂಜಿನ್ ತಂಪು ಮಾಡೋ ಕೂಲೆಂಟ್ ಆಯಿಲ್‌ಗೆ ಸೇರುತ್ತೆ. ಕೂಲೆಂಟ್ ಮಟ್ಟ ಇಳಿದಿದ್ಯಾ ದೊಡ್ಡಪ್ಪ? ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್‌ನಲ್ಲೂ ಬಿಳಿ ಇದ್ಯಾ?

ದೊಡ್ಡಪ್ಪ: ಎರಡೂ ಇಲ್ಲ.

ನಾನು: ಹಾಗಾದ್ರೆ ಹೆಚ್ಚಾಗಿ ಅದೇ ನೀರಾವಿ. ಶನಿವಾರ ಬರ್ತೀನಿ, ಆಯಿಲ್, ಫಿಲ್ಟರ್ ಎರಡೂ ಬದಲಾಯಿಸೋಣ. ಆಮೇಲೆ ವಾರಕ್ಕೊಂದು ಸಲ ಹೈವೇಲಿ ಅರ್ಧ ಗಂಟೆ ಓಡಿಸಿ.

ಮಾವ: ಒಂದು ಮಾತು. ನಾನೂ ಈಗ ಡಿಪ್‌ಸ್ಟಿಕ್ ನೋಡ್ದೆ. ಆಯಿಲ್ ಮೇಲಿನ ಗೆರೆ ದಾಟಿದೆ. ಹಾಕಿದ್ದಕ್ಕಿಂತ ಜಾಸ್ತಿ ಹೇಗಾಯ್ತೋ?

ನಾನು: ನಿಮ್ಮದು ಬಿಎಸ್‌6, ಹೊಸ ಹೊಗೆ ನಿಯಮದ ಗಾಡಿ ಅಲ್ವಾ ಮಾವ? ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅಂದ್ರೆ ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಡೋಕೆ ಗಾಡಿ ಜಾಸ್ತಿ ಡೀಸೆಲ್ ಬಿಡುತ್ತೆ. ಸುಡೋದು ಮುಗಿಯೋ ಮೊದಲೇ ಪದೇ ಪದೇ ಆಫ್ ಮಾಡಿದ್ರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತೆ. ಬೇಡ ಅಂದಿದ್ದು ನನ್ನ ತಪ್ಪು, ಮಟ್ಟ ಕೇಳಿ ಹೇಳಬೇಕಿತ್ತು. ನಾಳೆನೇ ಹೋಗಿ ಬದಲಾಯಿಸಿ. ಕಪ್ಪಾಗಿದೆ ಅಂತ ಹೇಳಬೇಡಿ, ಮಟ್ಟ ಏರಿದೆ ಅಂತ ಹೇಳಿ.