ಸೆಕೆಂಡ್ ಹ್ಯಾಂಡ್ ಟೂ ಪೋಸ್ಟ್ ಲಿಫ್ಟ್: ಎಡಗಡೆ ಹಿಂದೆ ಬೀಳುತ್ತಿದೆ, ತಗೊಳ್ಳಬಹುದಾ?

ಎರೆಹೊಲ (ಬಳ್ಳಾರಿ):
ಎಲ್ಲರಿಗೂ ನಮಸ್ಕಾರ. ಮನೆ ಪಕ್ಕದ ಶೆಡ್‌ನಲ್ಲಿ ಹಳೇ ಜೀಪ್ ಬಿಚ್ಚಿ ಜೋಡಿಸುವ ಹುಚ್ಚು ನನಗೆ. ಜಾಕ್ ಹಾಕಿ, ಅಡಿಯಲ್ಲಿ ಮಲಗಿ ಮಲಗಿ ಬೆನ್ನು ಕೆಟ್ಟಿದೆ. ಇಲ್ಲೇ ಬಳ್ಳಾರಿಯಲ್ಲಿ ಒಂದು ಗ್ಯಾರೇಜ್ ಮುಚ್ಚುತ್ತಿದ್ದಾರೆ. ಅವರ ಟೂ ಪೋಸ್ಟ್ ಲಿಫ್ಟ್ (ಎರಡು ಕಂಬಗಳ ನಡುವೆ ಗಾಡಿ ಎತ್ತುವುದು) ಮಾರಾಟಕ್ಕಿದೆ. 4 ಟನ್‌ದು, ತ್ರೀ ಫೇಸ್ ಮೋಟಾರು, ಎರಡು ಸಿಲಿಂಡರ್, ಮೇಲೆ ಅಡ್ಡ ಬೀಮ್ ಇದೆ. 65 ಸಾವಿರ ಹೇಳುತ್ತಿದ್ದಾರೆ. ಬಿಚ್ಚಿ ಸಾಗಿಸುವ ಖರ್ಚು ನಮ್ಮದೇ.

ತೊಂದರೆ ಏನಂದರೆ, ಕಾರ್ ಇಟ್ಟು ಎತ್ತಿಸಿದಾಗ ಎಡಗಡೆ ಆರ್ಮ್ ಬಲಗಡೆಗಿಂತ ಮೂರು ಬೆರಳು ಕೆಳಗೇ ಇತ್ತು. ಎತ್ತಿದ್ದು ಜಾರದಂತೆ ಹಿಡಿಯುವ ಲಾಕ್ ಕೂಡ ಎರಡೂ ಕಡೆ ಒಟ್ಟಿಗೆ ಬೀಳುವುದಿಲ್ಲ. ಬಲಗಡೆ "ಟಕ್" ಅಂದಮೇಲೆ ಸ್ವಲ್ಪ ಬಿಟ್ಟು ಎಡಗಡೆ. ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದರೆ ಎಡಗಡೆ ಇನ್ನೂ ಇಳಿದ ಹಾಗೆ ಕಾಣುತ್ತದೆ. ಅವರು "ಆಯಿಲ್ ಕಮ್ಮಿ ಆಗಿದೆ, ತುಂಬಿದರೆ ಸರಿಹೋಗುತ್ತೆ" ಅನ್ನುತ್ತಾರೆ. ನಿಜವಾ? ಸಿಲಿಂಡರ್ ಹೋಗಿದ್ದರೆ ನನಗೆ ಬೇಡ.

ಶೆಡ್ ವಿವರ: ತಗಡಿನ ಛಾವಣಿ, 14 ಅಡಿ ಅಗಲ, 20 ಅಡಿ ಉದ್ದ. ಗೇಟಿನ ಕಡೆ ಎತ್ತರ 13 ಅಡಿ, ಹಿಂದಕ್ಕೆ ಇಳಿಜಾರಾಗಿ 11 ಅಡಿ. ನೆಲಕ್ಕೆ ಶಹಾಬಾದ್ ಕಲ್ಲು. ಮನೆಗೆ ಸಿಂಗಲ್ ಫೇಸ್.

ಸಂಡೂರು ಡೀಸೆಲ್:
ಲಿಫ್ಟ್ ಯಾಕಣ್ಣ? ಒಂದು ಗುಂಡಿ ತೋಡಿಸಿ, ಮೇಲೆ ಹಲಗೆ ಹಾಕಿ. ನಮ್ಮಲ್ಲಿ ಲಾರಿಗೆಲ್ಲ ಅದೇ. ಹತ್ತನೇ ಒಂದು ಭಾಗ ಖರ್ಚು.

ಪಾನಾ 14-15 (ರಾಯಚೂರು):
ಗುಂಡಿ ವಿಷಯ ಆಮೇಲೆ. ಮೊದಲು ಲಿಫ್ಟ್.

ಆಯಿಲ್ ಕಮ್ಮಿ ಇದ್ದರೆ ಎರಡೂ ಕಡೆ ಪೂರ್ತಿ ಮೇಲೆ ಹೋಗುವುದಿಲ್ಲ, ಅಷ್ಟೇ. ಒಂದೇ ಕಡೆ ಹಿಂದೆ ಬೀಳುವುದಿಲ್ಲ. ಅವರ ಮಾತು ಬಿಡಿ.

ಈ ಮಾದರಿಯಲ್ಲಿ ಎರಡು ಸಿಲಿಂಡರ್‌ಗೂ ಆಯಿಲ್ ಹೋಗುವುದು ಒಂದೇ ಲೈನ್‌ನಿಂದ. ಆಯಿಲ್‌ಗೆ ಎಡ ಬಲ ಗೊತ್ತಿಲ್ಲ. ಯಾವ ಕಡೆ ಭಾರ ಕಮ್ಮಿಯೋ ಆ ಕಡೆ ಮೊದಲು ಎತ್ತುತ್ತದೆ. ಎರಡನ್ನೂ ಸಮ ಇಡುವ ಕೆಲಸ ಉಕ್ಕಿನ ಕೇಬಲ್‌ಗಳದ್ದು. ಒಂದೊಂದು ಕಂಬದ ಒಳಗೆ ಆರ್ಮ್ ಹಿಡಿದಿರುವ ಕ್ಯಾರೇಜ್ ಇರುತ್ತದಲ್ಲ, ಅದರಿಂದ ಹೊರಟ ಕೇಬಲ್ ಮೇಲಿನ ಬೀಮ್‌ನ ಪುಲ್ಲಿಗಳನ್ನು ಹಾದು ಇನ್ನೊಂದು ಕಂಬದ ಕ್ಯಾರೇಜ್‌ಗೆ ಹೋಗುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಬಲಗಡೆ ಮುಂದೆ ಓಡಿದರೆ ಕೇಬಲ್ ಎಡಗಡೆಯನ್ನು ಜೊತೆಗೆ ಎಳೆದುಕೊಂಡು ಹೋಗಬೇಕು. ನಿಮ್ಮಲ್ಲಿ ಅದು ಆಗುತ್ತಿಲ್ಲ. ಅಂದರೆ ಆ ಕೇಬಲ್ ಸಡಿಲ.

ಹಾಗಂತ ಸಿಲಿಂಡರ್ ಚೆನ್ನಾಗಿದೆ ಅಂತ ಅಲ್ಲ. ನೋಡಬೇಕು. ಮತ್ತೆ ಹೋದಾಗ ಹೀಗೆ ಮಾಡಿ. ಹಗುರ ಕಾರ್ ಇಡಿ, ಒಂದು ಅಡಿ ಮಾತ್ರ ಎತ್ತಿಸಿ, ಲಾಕ್ ಮೇಲೆ ಕೂರಿಸಬೇಡಿ. ಎರಡೂ ಕಂಬದ ಮೇಲೆ ಕ್ಯಾರೇಜ್ ಅಂಚಿಗೆ ಸರಿಯಾಗಿ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ. ಎರಡನ್ನೂ! ಎಲ್ಲರೂ ಇಳಿದಿದ್ದನ್ನು ಮಾತ್ರ ನೋಡುತ್ತಾರೆ. ಆ ಹೊತ್ತಿನಲ್ಲಿ ಅಡಿಗೆ ಯಾರೂ ಹೋಗಬಾರದು, ಟೀ ಕುಡಿಯಲು ಹೋಗಿ.

ಆಮೇಲೆ ಕಾರ್ ತಿರುಗಿಸಿ ಹಿಂದುಮುಂದಾಗಿ ಇಟ್ಟು ಎತ್ತಿಸಿ. ಕೊನೆಗೆ ಖಾಲಿ ಎತ್ತಿಸಿ ನೋಡಿ. ಆಗಲೂ ಎಡವೇ ಹಿಂದಾ? ಕೇಬಲ್ ತುದಿಯ ನಟ್ ಹತ್ತಿರ ಇನ್ನೂ ಎಷ್ಟು ಥ್ರೆಡ್ ಬಾಕಿ ಇದೆ ಅಂತ ಫೋಟೋ ತೆಗೆಯಿರಿ. ಕೇಬಲ್ ಅನ್ನು ಬರಿಗೈಯಲ್ಲಿ ಸವರಬೇಡಿ. ಹತ್ತಿ ಬಟ್ಟೆ ಸುತ್ತಿ ಎಳೆಯಿರಿ. ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಸಿವಿಲ್ ಕೊಪ್ಪಳ:
ಗುಂಡಿ ಬಗ್ಗೆ ನಾನು ಹೇಳುತ್ತೇನೆ. ಅಣ್ಣನ ಹೆಸರೇ ಎರೆಹೊಲ! ಜಾಗವೂ ಎರೆ ಮಣ್ಣೇ ಇರಬೇಕು, ಅಲ್ವಾ? ಎರೆಯಲ್ಲಿ ಗುಂಡಿ ತೋಡಿ ಸುಮ್ನೆ ಇಟ್ಟಿಗೆ ಗೋಡೆ ಕಟ್ಟಿದರೆ ಮಳೆಗಾಲಕ್ಕೆ ಮಣ್ಣು ಉಬ್ಬಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ನೀರು ಬಸಿದು ನಿಲ್ಲುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂರುತ್ತದೆ. ಲಾರಿಗಳು ಡೀಸೆಲ್, ಬಯಲಲ್ಲಿ ನಿಂತಿರುತ್ತವೆ, ಅವುಗಳ ಲೆಕ್ಕ ಬೇರೆ. ಮುಚ್ಚಿದ ಶೆಡ್‌ನಲ್ಲಿ ಪೆಟ್ರೋಲ್ ಗಾಡಿಯ ಕೆಳಗೆ ಗುಂಡಿಯಲ್ಲಿ ವೈರ್ ಬಲ್ಬ್ ಹಿಡಿದು ನಿಲ್ಲಲು ನಾನಂತೂ ಯಾರಿಗೂ ಹೇಳುವುದಿಲ್ಲ.

ಅದಿರಲಿ. ಶಹಾಬಾದ್ ಕಲ್ಲಿನ ಮೇಲೆ ಲಿಫ್ಟ್ ನಿಲ್ಲಿಸುವ ಯೋಚನೆ ಇಲ್ಲ ತಾನೆ? ಅದರ ಕೆಳಗೆ ಏನಿದೆ?

ಎರೆಹೊಲ (ಬಳ್ಳಾರಿ):
ಹೂಂ ಸರ್, ಸಿರುಗುಪ್ಪ ರಸ್ತೆ ಕಡೆ, ಅಪ್ಪಟ ಎರೆ. ಕಲ್ಲಿನ ಕೆಳಗೆ ಮರಳು, ಅದರ ಕೆಳಗೆ ಮಣ್ಣೇ. ಬೇಸಿಗೆಯಲ್ಲಿ ಅಂಗಳದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಕಲ್ಲು ಕಿತ್ತು ಕಾಂಕ್ರೀಟ್ ಹಾಕಲೇಬೇಕು ಅಂತ ಗೊತ್ತು. ಎಷ್ಟು ದಪ್ಪ ಅಂತ ಗೊತ್ತಿಲ್ಲ.

ಪಾನಾ ಅಣ್ಣಾ, ನೀವು ಹೇಳಿದ ಹಾಗೇ ಮಾಡಿ ಬಂದೆ. ಅರ್ಧ ಗಂಟೆಯಲ್ಲಿ ಎಡಗಡೆ ಐದು ನೂಲು (ಅರ್ಧ ಇಂಚಿಗಿಂತ ತುಸು ಜಾಸ್ತಿ) ಇಳಿದಿದೆ. ಬಲಗಡೆ ಹೆಚ್ಚುಕಮ್ಮಿ ಅಷ್ಟೇ ಮೇಲೆ ಏರಿದೆ! ನನಗೆ ನಂಬಿಕೆ ಬರಲಿಲ್ಲ, ಮೋಟಾರ್ ಮುಟ್ಟಿಯೇ ಇರಲಿಲ್ಲ. ಕಾರ್ ತಿರುಗಿಸಿ ಇಟ್ಟಾಗಲೂ ಎಡವೇ ಹಿಂದೆ, ಆದರೆ ಒಂದೇ ಬೆರಳು. ಖಾಲಿ ಎತ್ತಿದಾಗ ಎಡಗಡೆ ಜರಕ್ ಜರಕ್ ಅಂತ ತಡೆದು ತಡೆದು ಹೋಗುತ್ತದೆ. ಎಡಗಡೆ ಕೇಬಲ್‌ನ ನಟ್ ಥ್ರೆಡ್‌ನ ಕೊನೆಗೆ ಬಂದು ನಿಂತಿದೆ, ಇನ್ನು ಬಿಗಿಯಲು ಜಾಗ ಇಲ್ಲ. ಬಟ್ಟೆ ಪುಲ್ಲಿ ಹತ್ತಿರ ಎರಡು ಕಡೆ ಸಿಕ್ಕಿಕೊಂಡಿತು. ನೋಡಿದರೆ ಸಣ್ಣ ಸಣ್ಣ ಮುಳ್ಳು ಎದ್ದಿವೆ.

ಪಾನಾ 14-15 (ರಾಯಚೂರು):
ಭಲೇ. ಅಳೆದಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಐದು ನೂಲೇ ಉತ್ತರ ಹೇಳಿಬಿಟ್ಟಿದೆ.

ಎಡ ಇಳಿದಷ್ಟೇ ಬಲ ಏರಿದೆ ಅಂದರೆ ಆಯಿಲ್ ಎಲ್ಲೂ ಹೋಗಿಲ್ಲ. ಎಡ ಸಿಲಿಂಡರ್‌ನಿಂದ ಹೊರಟು ಬಲ ಸಿಲಿಂಡರ್‌ಗೆ ಹೋಗಿದೆ. ಸೀಲ್ ಅಥವಾ ಮೋಟಾರು, ಪಂಪ್ ಸೇರಿರುವ ಪವರ್ ಪ್ಯಾಕ್‌ನ ವಾಲ್ವ್ ಸೋರುತ್ತಿದ್ದರೆ ಎರಡೂ ಕಡೆ ಇಳಿಯುತ್ತಿತ್ತು, ಇಲ್ಲಾ ಒಂದು ನಿಂತು ಇನ್ನೊಂದು ಇಳಿಯುತ್ತಿತ್ತು. ಆದ್ದರಿಂದ ಆಯಿಲ್ ಕಡೆ ಸದ್ಯಕ್ಕೆ ನನಗೆ ಭಯ ಇಲ್ಲ. ಸಿಲಿಂಡರ್‌ನ ಗಾಳಿ ರಂಧ್ರದ ಹತ್ತಿರ ಆಯಿಲ್ ಒಸರಿದ ಗುರುತು ಇದೆಯಾ ಅಂತ ಒಮ್ಮೆ ಬೆರಳಿಟ್ಟು ನೋಡಿ, ಸಾಕು.

ಎರಡು ಕಾಯಿಲೆ ಇವೆ. ಒಂದು, ಕೇಬಲ್ ಹಿಗ್ಗಿ ಮುಗಿದಿದೆ. ಎರಡು, ಎಡಗಡೆ ಕ್ಯಾರೇಜ್‌ನ ಕಂಬದೊಳಗೆ ಜಾರುವ ನೈಲಾನ್ ಸ್ಲೈಡರ್‌ಗಳು ಒಣಗಿವೆ ಇಲ್ಲಾ ಸವೆದಿವೆ. ಜರಕ್ ಜರಕ್ ಅದೇ. ಕಾರ್ ತಿರುಗಿಸಿದರೂ ಎಡವೇ ಹಿಂದೆ ಬಿದ್ದಿದ್ದಕ್ಕೂ ಅದೇ ಕಾರಣ. ಬಳ್ಳಾರಿ ಕಡೆಯ ಕೆಂಪು ಅದಿರು ಧೂಳು ಗ್ರೀಸ್‌ಗೆ ಅಂಟಿದರೆ ಮರಳು ಕಾಗದದ ಹಾಗೆ ಉಜ್ಜುತ್ತದೆ. ಹಳೇ ಗ್ರೀಸ್ ಪೂರ್ತಿ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಬೇಕು. ಹಳೇದರ ಮೇಲೇ ಮೆತ್ತಿದರೆ ಉಪಯೋಗ ಇಲ್ಲ.

ಕೇಬಲ್ ಎರಡನ್ನೂ ಒಟ್ಟಿಗೆ ಬದಲಿಸಿ. ಮುಳ್ಳೆದ್ದದ್ದು ಒಂದೇ ಇರಬಹುದು, ಆದರೆ ಹೊಸದು ಹಳೇದು ಬೇರೆ ಬೇರೆ ಹಿಗ್ಗುತ್ತವೆ. ಅದೇ ದಪ್ಪ, ಅದೇ ಉದ್ದ, ತುದಿಯಲ್ಲಿ ಪ್ರೆಸ್ ಮಾಡಿದ ಥ್ರೆಡ್ ಸ್ಟಡ್ ಇರಬೇಕು. ಯು ಕ್ಲಾಂಪ್ ಹಾಕಿ ಗಂಟು ಮಾಡಿಕೊಡುತ್ತೇವೆ ಅಂದರೆ ಎದ್ದು ಬನ್ನಿ.

ಇಷ್ಟೇ ಆದರೆ ದೊಡ್ಡ ಖರ್ಚಲ್ಲ. ಬೆಲೆ ಇಳಿಸಲು ನಿಮಗೆ ಒಳ್ಳೆ ಮಾತು ಸಿಕ್ಕಿದೆ. ಆದರೆ ಇನ್ನೊಂದು ನೋಡದೆ ದುಡ್ಡು ಕೊಡಬೇಡಿ. ಆರ್ಮ್ ಕ್ಯಾರೇಜ್‌ಗೆ ಸೇರುವ ಜಾಗದ ವೆಲ್ಡಿಂಗ್, ಕಂಬದ ಬುಡದ ಪ್ಲೇಟಿನ ವೆಲ್ಡಿಂಗ್. ಪೇಂಟ್ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಬಿರುಕು ಅಂತಲೇ ತಿಳಿಯಿರಿ. ಅಲ್ಲಿ ಮಾತ್ರ ಹೊಸದಾಗಿ ಪೇಂಟ್ ಬಳಿದಿದ್ದರೆ ಇನ್ನೂ ಅನುಮಾನ. ಕೇಬಲ್, ಸೀಲ್, ಮೋಟಾರು ಎಲ್ಲ ಬದಲಿಸಬಹುದು. ಕಬ್ಬಿಣ ದಣಿದಿದ್ದರೆ ಗುಜರಿಯೇ.

ಸಂಡೂರು ಡೀಸೆಲ್:
ಒಪ್ಪಿದೆ, ಗುಂಡಿ ಬೇಡ. ಆದರೆ ಎತ್ತರ ಯಾರೂ ಕೇಳಲಿಲ್ಲವಲ್ಲ? ಮೇಲೆ ಬೀಮ್ ಇರೋ ಲಿಫ್ಟ್ 12 ಅಡಿ ಹತ್ತಿರ ಇರುತ್ತೆ. ಶೆಡ್ ಹಿಂದೆ 11 ಅಡಿ ಅಂತೀರಿ. ಕಂಬ ಒಂದಡಿ ಕೊಯ್ದು ಗಿಡ್ಡ ಮಾಡಿಸಿದರೆ ಆಗಲ್ವಾ?

ಪಾನಾ 14-15 (ರಾಯಚೂರು):
ಬೇಡವೇ ಬೇಡ. ಕಂಬ ಕೊಯ್ದರೆ ಕೇಬಲ್ ಉದ್ದ, ಹೋಸ್, ಲಾಕ್ ಮೆಟ್ಟಿಲು ಎಲ್ಲ ಲೆಕ್ಕ ತಪ್ಪುತ್ತದೆ. ಆ ವೆಲ್ಡಿಂಗ್ ಕೆಳಗೆ ಯಾರು ನಿಲ್ಲುತ್ತಾರೆ?

ಅಣ್ಣಾ, ಅಳತೆ ತಗೊಂಡು ಬನ್ನಿ, 12 ಅಡಿಯೇ ಅಂತ ಇಟ್ಟುಕೊಳ್ಳೋಣ. ಇಳಿಜಾರು 20 ಅಡಿಗೆ 2 ಅಡಿ. ಕಂಬಗಳನ್ನು ಗೇಟಿನಿಂದ 5 ಅಡಿ ಒಳಗೆ ನಿಲ್ಲಿಸಿದರೆ ಅಲ್ಲಿ ತಗಡು ಹನ್ನೆರಡೂವರೆ ಅಡಿ. ಕೂರುತ್ತದೆ. ತಗಡು ಹೊತ್ತು ಅಡ್ಡ ಬರುವ ಪರ್ಲಿನ್ ಪೈಪ್ ಎಷ್ಟು ಕೆಳಗೆ ಇದೆ ಅಂತ ಮಾತ್ರ ನೋಡಿ, ಆ ಅರ್ಧ ಅಡಿ ಅಲ್ಲೇ ಹೋಗಬಹುದು. ಜೀಪ್ ಮುಂಭಾಗ ಒಳಗೆ ಮಾಡಿ ನಿಲ್ಲಿಸಿ. ತಗಡು ತಗ್ಗಿರುವ ಕಡೆ ಬಾನೆಟ್ ಬರುತ್ತದೆ, ಬಾನೆಟ್ ತಗ್ಗೇ ಇರುತ್ತದೆ. ಹಿಂಭಾಗ ಸ್ವಲ್ಪ ಗೇಟಿನ ಆಚೆ ಉಳಿಯುತ್ತದೆ, ಉಳಿಯಲಿ. ಬೀಮ್ ಕೆಳಗೆ ಒಂದು ಅಡ್ಡ ಪೈಪ್ ಇರುತ್ತದೆ, ಗಾಡಿ ಟಾಪ್ ಮುಟ್ಟಿದರೆ ಮೋಟಾರ್ ನಿಲ್ಲಿಸುವ ಸ್ವಿಚ್. ಅದನ್ನು ಬಹಳ ಗ್ಯಾರೇಜ್‌ಗಳಲ್ಲಿ ಕಿತ್ತುಹಾಕಿರುತ್ತಾರೆ. ನೀವು ಹಾಕಿಸಿ. ಆದರೆ ಅದು ಇರುವುದು ಬೀಮ್ ಕೆಳಗೆ ಮಾತ್ರ, ಒಳಗಿನ ತಗಡನ್ನು ಅದು ಕಾಯುವುದಿಲ್ಲ. ಅಲ್ಲಿ ನಿಮ್ಮ ಕಣ್ಣೇ.

ಸಿವಿಲ್ ಕೊಪ್ಪಳ:
ಈಗ ನೆಲ. ನನ್ನ ಪ್ರಕಾರ ಈ ಕೆಲಸದಲ್ಲಿ ಲಿಫ್ಟ್‌ಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇದೇ. ಟೂ ಪೋಸ್ಟ್‌ನಲ್ಲಿ ಗಾಡಿಯ ಭಾರ ಎಲ್ಲ ಆರ್ಮ್ ತುದಿಯಲ್ಲಿ. ಕಂಬ ಸದಾ ಒಳಕ್ಕೆ ವಾಲಲು ನೋಡುತ್ತದೆ. ಅದನ್ನು ಬುಡದ ಬೋಲ್ಟ್‌ಗಳು ಹಿಡಿದಿರುತ್ತವೆ, ಬೋಲ್ಟ್‌ಗಳನ್ನು ಕಾಂಕ್ರೀಟ್ ಹಿಡಿದಿರುತ್ತದೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ 4 ಇಂಚು ಕಾಂಕ್ರೀಟ್ ಹಾಕಿದರೆ ಎರಡು ಮಳೆಗಾಲದಲ್ಲಿ ಬಿರುಕು, ಒಂದು ಕಂಬ ಒಂದು ಕಡೆ. ಕಂಬಗಳ ಜಾಗ ಎರಡನ್ನೂ ಸೇರಿಸಿ ಒಂದೇ ಅಖಂಡ ಸ್ಲ್ಯಾಬ್ ಹಾಕಿ. ಕಂಬಕ್ಕೊಂದು ಬೇರೆ ಬೇರೆ ಗುಂಡಿ ಮಾಡಿ ತುಂಬುವುದು ಬೇಡ, ಒಂದು ಎದ್ದು ಒಂದು ಕೂತರೆ ಲಿಫ್ಟ್ ಕೆಲಸ ಮುಗಿಯಿತು. ಎರೆಯನ್ನು ತೆಗೆದು ಗರಸು ತುಂಬಿ, ತೆಳ್ಳಗೆ ಪದರ ಪದರವಾಗಿ ನೀರು ಹಾಕಿ ಕಂಪ್ಯಾಕ್ಟರ್ ಹೊಡೆಸಿ. ಎಷ್ಟು ಆಳ ತೆಗೆಯಬೇಕು ಅನ್ನುವುದು ಅಲ್ಲಿ ಅಗೆದು ನೋಡಿದ ಮೇಲೇ. ಎರೆ ಬಹಳ ಆಳ ಇದ್ದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಸ್ವಲ್ಪ ಫೀಸ್ ಹೋದರೆ ಹೋಗಲಿ. ಮೇಲೆ 8 ಇಂಚು, ಎಂ25 ಕಾಂಕ್ರೀಟ್, ಕೆಳಗೂ ಮೇಲೂ ಸರಳಿನ ಜಾಲರಿ. ಬೋಲ್ಟ್ ಬರುವ ಜಾಗದಲ್ಲಿ ಸರಳು ಅಡ್ಡ ಬರದ ಹಾಗೆ ಮೊದಲೇ ಗುರುತು ಮಾಡಿಸಿ. ಬೋಲ್ಟ್ ಸ್ಲ್ಯಾಬ್ ಅಂಚಿಗೆ ಹತ್ತಿರ ಬರಬಾರದು.

ಬಳ್ಳಾರಿ ಬಿಸಿಲಿಗೆ ಕ್ಯೂರಿಂಗ್ ಮುಖ್ಯ. ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಸುಮ್ನೆ ಬಕೆಟ್‌ನಲ್ಲಿ ಚಿಮುಕಿಸಿದರೆ ಸಾಲದು. 28 ದಿನ ಆಗುವವರೆಗೆ ಡ್ರಿಲ್ ಹಿಡಿಯಬೇಡಿ. ಶೆಡ್ ಸುತ್ತ ಮಳೆ ನೀರು ನಿಲ್ಲದಂತೆ ಇಳಿಜಾರು ಕೊಡಿ. ಎರೆಗೆ ನೀರು ಮುಟ್ಟದಿದ್ದರೆ ಅರ್ಧ ಗೆದ್ದ ಹಾಗೆ.

ಹಳೇ ಆಂಕರ್ ಬೋಲ್ಟ್ ಕೊಟ್ಟರೂ ಬಳಸಬೇಡಿ. ಒಮ್ಮೆ ಅಗಲಿಸಿದ ಬೋಲ್ಟ್ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಎರೆಹೊಲ (ಬಳ್ಳಾರಿ):
ನೆಲಕ್ಕೇ ಲಿಫ್ಟ್‌ನಷ್ಟು ಆಗುತ್ತದೆ ಅನ್ನಿಸುತ್ತಿದೆ! ಆದರೂ ಸರಿ. ವೆಲ್ಡಿಂಗ್ ನೋಡಿದೆ, ಸಾಬೂನು ನೀರಲ್ಲಿ ತೊಳೆದು ಟಾರ್ಚ್ ಹಿಡಿದು. ಎಲ್ಲೂ ಗೆರೆ ಇಲ್ಲ. ಸಿಲಿಂಡರ್ ರಂಧ್ರವೂ ಒಣ. ಕೇಬಲ್ ಮುಳ್ಳು ತೋರಿಸಿದ ಮೇಲೆ 48 ಸಾವಿರಕ್ಕೆ ಬಂದರು.

ಇನ್ನು ಕರೆಂಟ್. ಊರಲ್ಲಿ ಪಂಪ್‌ಸೆಟ್‌ಗೆ ಕೆಪಾಸಿಟರ್ ಹಾಕಿ ತ್ರೀ ಫೇಸ್ ಮೋಟಾರನ್ನು ಓಡಿಸುತ್ತಾರಲ್ಲ, ಹಾಗೆ ಇಲ್ಲೂ ಆಗುತ್ತದಾ?

ಪಾನಾ 14-15 (ರಾಯಚೂರು):
ಹೊಲದಲ್ಲಿ ಪಂಪ್ ಸುಟ್ಟರೆ ಮೋಟಾರು ರಿವೈಂಡಿಂಗ್‌ಗೆ ಹೋಗುತ್ತದೆ, ಅಷ್ಟೇ. ಇದು ಭಾರ ಹೊತ್ತು ಶುರು ಆಗಬೇಕಾದ ಮೋಟಾರು. ಕೆಪಾಸಿಟರ್‌ನಲ್ಲಿ ಶುರುವಿನ ಬಲ ಕಮ್ಮಿ, "ಗುಂಯ್" ಅಂತ ನಿಂತು ಬಿಸಿಯಾಗುತ್ತದೆ. ಎರಡು ದಾರಿ ಇದೆ. ಕರೆಂಟ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕಿ ತ್ರೀ ಫೇಸ್ ತಗೊಳ್ಳಿ, ಲೋಡ್ ಜಾಸ್ತಿ ಮಾಡಿಸಿ. ಇಲ್ಲಾ ಸಿಂಗಲ್ ಫೇಸ್ ಪವರ್ ಪ್ಯಾಕ್ ಕೂರಿಸಿ. ಆ ಮೋಟಾರು 3 ಎಚ್‌ಪಿ ಹತ್ತಿರ ಇರುತ್ತದೆ, ಮೀಟರ್‌ನಿಂದ ಅದಕ್ಕೇ ಬೇರೆ ದಪ್ಪ ವೈರು, ಬೇರೆ ಎಂಸಿಬಿ ಬೇಕು. ಸಂಜೆ ವೋಲ್ಟೇಜ್ ಬೀಳುವ ಏರಿಯಾ ಆದರೆ ನಾನು ತ್ರೀ ಫೇಸೇ ಅನ್ನುತ್ತೇನೆ. ತ್ರೀ ಫೇಸ್ ಬಂದ ದಿನ ಮೋಟಾರ್ ತಿರುಗಿ ಆಯಿಲ್ ಎತ್ತದಿದ್ದರೆ ಗಾಬರಿ ಬೇಡ, ಉಲ್ಟಾ ತಿರುಗುತ್ತಿರುತ್ತದೆ. ಕೂಡಲೇ ನಿಲ್ಲಿಸಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿ.

ಹೊಸ ಕೇಬಲ್ ಬಿಗಿಯುವಾಗ ಖಾಲಿ ಲಿಫ್ಟ್ ಅನ್ನು ಎರಡೂ ಕಡೆ ಕೆಳಗಿನಿಂದ ಎಣಿಸಿದ ಅದೇ ಲಾಕ್ ಮೇಲೆ ಕೂರಿಸಿ. ನೆಲದಿಂದ ಟೇಪ್ ಹಿಡಿಯಬೇಡಿ, ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಲ್ಲಿ ಎರಡೂ ಕ್ಯಾರೇಜ್ ನೋಡಿ. ಆಮೇಲೆ ನಟ್ ಬಿಗಿಯಿರಿ. ಎತ್ತುವಾಗ ಎರಡೂ ಲಾಕ್ ಒಂದೇ ಸದ್ದಾಗಿ ಬಿದ್ದರೆ ಸರಿ. ಸ್ವಲ್ಪ ದಿನ ಬಳಸಿದ ಮೇಲೆ ಹೊಸ ಕೇಬಲ್ ಹಿಗ್ಗುತ್ತದೆ, ಮತ್ತೊಮ್ಮೆ ಬಿಗಿಯಬೇಕು.

ಎರೆಹೊಲ (ಬಳ್ಳಾರಿ):
ತ್ರೀ ಫೇಸ್‌ಗೇ ಅರ್ಜಿ ಹಾಕುತ್ತೇನೆ ಅಣ್ಣಾ. ಭಾನುವಾರ ಬಿಚ್ಚಲು ಹೋಗುತ್ತಿದ್ದೇವೆ. ಹೈಡ್ರಾ ಕ್ರೇನ್ ಹೇಳಿದ್ದೇನೆ. ನೆಲ ಸಿದ್ಧ ಆಗುವವರೆಗೆ ಮನೆಯಲ್ಲೇ ಮಲಗಿಸಿ ಇಡುತ್ತೇನೆ. ಬಿಚ್ಚುವಾಗ ಏನಾದರೂ ಗಮನಿಸಬೇಕಾ?

ಪಾನಾ 14-15 (ರಾಯಚೂರು):
ಆರ್ಮ್ ಪೂರ್ತಿ ಕೆಳಗೆ ಇಳಿಸಿ, ಮೇನ್ ಆಫ್ ಮಾಡಿ, ಆಮೇಲೆ ಆಯಿಲ್ ಬಸಿಯಿರಿ. ಕಂಬಕ್ಕೆ ಹೈಡ್ರಾ ಬೆಲ್ಟ್ ಬಿಗಿಯಾಗುವವರೆಗೆ ಬುಡದ ಕೊನೆಯ ಎರಡು ನಟ್ ಮುಟ್ಟಬೇಡಿ. ಕೇಬಲ್ ದಾರಿಯ ವಿಡಿಯೋ ಮಾಡಿಕೊಳ್ಳಿ, ಪುಲ್ಲಿಗೆ ಎಡ ಬಲ ಬರೆಯಿರಿ. ಹೋಸ್ ಬಿಚ್ಚಿದ ಕೂಡಲೇ ಅದರ ಬಾಯಿಗೂ ಸಿಲಿಂಡರ್ ಬಾಯಿಗೂ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಧೂಳು ಒಳಗೆ ಹೋದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಆಗ ನಿಜವಾಗಿಯೂ ಎರಡೂ ಕಡೆ ಇಳಿಯಲು ಶುರುವಾಗುತ್ತದೆ.