ಪತ್ತೇದಾರಿ ಕಾದಂಬರಿ: ಮೊದಲೇ ಎಷ್ಟನ್ನು ನಿರ್ಧರಿಸಿಕೊಳ್ಳಬೇಕು, ಎಷ್ಟನ್ನು ಬರೆಯುತ್ತ ಕಂಡುಕೊಳ್ಳಬಹುದು?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟದ ಕುಟುಂಬವೊಂದನ್ನು ಇಟ್ಟುಕೊಂಡು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕೊಯ್ಲಿನ ಕಾಲದ ಒಂದು ರಾತ್ರಿ, ಜಗಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿರುವಾಗ, ಒಳಮನೆಯಲ್ಲಿ ಯಜಮಾನ ಸಾಯುತ್ತಾನೆ. ಕೊಂದವನು ತಮ್ಮ, ಕಾರಣ ಆಸ್ತಿಯ ಹಿಸ್ಸೆ, ಸಾಧನ ಕಷಾಯಕ್ಕೆ ಬೆರೆಸಿದ ಮೈಲುತುತ್ತ (ತಾಮ್ರದ ಸಲ್ಫೇಟ್). ಇಷ್ಟನ್ನೂ ಬರೆಯಲು ಕೂರುವ ಮೊದಲೇ ನಿರ್ಧರಿಸಿ, ಪ್ರತಿ ಅಧ್ಯಾಯಕ್ಕೂ ಟಿಪ್ಪಣಿ ಮಾಡಿಕೊಂಡಿದ್ದೆ.

ಈಗ ಕಾದಂಬರಿ ಅರ್ಧಕ್ಕೆ ಬಂದಿದೆ. ಒಂದೇ ದೃಶ್ಯದಲ್ಲಿ ಬಂದು ಹೋಗಬೇಕಾಗಿದ್ದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ಮರದ ತುದಿಯಿಂದ ಮನೆಯ ಹಿತ್ತಿಲಿನಲ್ಲಿ ಏನನ್ನೋ ನೋಡಿದವನಾಗಿ ಬೆಳೆದು ನಿಂತಿದ್ದಾನೆ. ಅವನಿರುವ ಪುಟಗಳಲ್ಲಿ ಕಥೆಗೆ ಜೀವವಿದೆ. ತಮ್ಮನ ದೃಶ್ಯಗಳು ಮಾತ್ರ ಟಿಪ್ಪಣಿಯನ್ನು ಓದಿ ಒಪ್ಪಿಸಿದಂತೆ ಕಾಣುತ್ತವೆ. ಅಲ್ಲದೆ ಕೊನೆಗೌಡನ ಮಾತುಗಳೆಲ್ಲ ಹೋಗಿ ಮುಟ್ಟುವುದು ತಮ್ಮನನ್ನಲ್ಲ, ಗಂಡನ ಮನೆಯಿಂದ ಮರಳಿ ಬಂದಿರುವ ತಂಗಿಯನ್ನು. ಬೇರೆ ಬಗೆಯ ಕಾದಂಬರಿಯಾಗಿದ್ದರೆ ಪಾತ್ರ ಕರೆದತ್ತ ಹೋಗಬಹುದಿತ್ತು. ಆದರೆ ಪತ್ತೇದಾರಿ ಕಥೆಯಲ್ಲಿ ಮೊದಲ ಪುಟವೇ ಕೊನೆಯ ಪುಟಕ್ಕೆ ಉತ್ತರ ಹೇಳಬೇಕಾಗುತ್ತದೆಯಲ್ಲವೇ? ಯೋಜನೆಯನ್ನೇ ಹಿಡಿದು ಮುಂದುವರಿಯಲೇ, ಅಥವಾ ಕೊನೆಗೌಡನನ್ನು ಹಿಂಬಾಲಿಸಲೇ? ಈ ಪ್ರಕಾರದಲ್ಲಿ ಬರೆದವರೂ ಹೆಚ್ಚು ಓದಿದವರೂ ದಯವಿಟ್ಟು ತಿಳಿಸಿ.

ಹಳೆಯ ಓದುಗ:

ನಿಮ್ಮ ಪ್ರಶ್ನೆಯಲ್ಲಿ ಎರಡು ಕಥೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ನಡೆದುಹೋದ ಅಪರಾಧದ ಕಥೆ ಒಂದು, ಅದನ್ನು ಹುಡುಕಿ ತೆಗೆಯುವ ತನಿಖೆಯ ಕಥೆ ಇನ್ನೊಂದು ಎಂದು ವಿಮರ್ಶಕ ತ್ಸ್ವೆತಾನ್ ತೊದೊರೊವ್ 1966ರಲ್ಲಿಯೇ ವಿವರಿಸಿದ್ದರು. ಮೊದಲನೆಯದು ಪುಸ್ತಕ ತೆರೆಯುವಷ್ಟರಲ್ಲಿ ಮುಗಿದುಹೋಗಿರುವುದರಿಂದ ಅದನ್ನು ಕಟ್ಟುನಿಟ್ಟಾಗಿ ನಿರ್ಧರಿಸಿಕೊಳ್ಳಲೇಬೇಕು. ಎರಡನೆಯದು ಓದುಗರ ಕಣ್ಣೆದುರೇ ನಡೆಯುವಂಥದ್ದಾದ್ದರಿಂದ ಅದರಲ್ಲಿ ಲೇಖಕರು ಎಷ್ಟು ಬೇಕಾದರೂ ಅಲೆಯಬಹುದು. ನೀವು ಅಧ್ಯಾಯಗಳನ್ನು ಯೋಜಿಸಿದ್ದೀರಿ, ಅಂದರೆ ಎರಡನೆಯ ಕಥೆಯನ್ನೂ ಕಟ್ಟಿಹಾಕಿದ್ದೀರಿ. ತಮ್ಮನ ದೃಶ್ಯಗಳು ಒಣಗಿರುವುದಕ್ಕೆ ಅದೇ ಕಾರಣವಿರಬೇಕು ಎಂದು ನನ್ನ ಅನಿಸಿಕೆ.

ಇನ್ನು ಮೊದಲನೆಯ ಕಥೆಯಲ್ಲಿ ಸಡಿಲವಾಗಿರುವ ಜಾಗಗಳನ್ನು ಹೇಳುತ್ತೇನೆ. ಮೈಲುತುತ್ತದ ಲೋಹದ ರುಚಿ ಬೆಲ್ಲ, ಹಾಲು ಹಾಕಿದ ಕಷಾಯದಲ್ಲಿಯೂ ಅಡಗುವುದಿಲ್ಲ, ಕುಡಿದವರಿಗೆ ಬೇಗನೆ ವಾಂತಿಯಾಗುತ್ತದೆ, ವಾಂತಿಯ ನೀಲಿ-ಹಸಿರು ಬಣ್ಣ ನೋಡಿದ ಮೊದಲ ವೈದ್ಯರಿಗೇ ಅನುಮಾನ ಬರುತ್ತದೆ. ಗುಟ್ಟಾಗಿ ನಡೆದ ಕೊಲೆ ಎಂಬ ನಿಮ್ಮ ಕಲ್ಪನೆಗೆ ಇದು ಒಗ್ಗುವುದಿಲ್ಲ. ಆದರೆ ಅದನ್ನು ಕಥೆಯಿಂದ ಹೊರಗೆ ಹಾಕಬೇಡಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ಮಳೆಯ ನಡುವೆ ಹೊಳವಾದಾಗ ಮತ್ತೊಮ್ಮೆ. ನಿಮ್ಮ ಕಥೆ ನಡೆಯುವುದು ಕೊಯ್ಲಿನಲ್ಲಿ, ಅಂದರೆ ಚಳಿಗಾಲದಲ್ಲಿ. ಆ ಹೊತ್ತಿನಲ್ಲಿ ಒಬ್ಬರು ಅಂಗಡಿಯಿಂದ ಮೈಲುತುತ್ತ ಕೊಂಡು ತಂದರೆಂದರೆ ಏಕೆ ಎಂದು ಯಾವ ಬೆಳೆಗಾರನೂ ಕೇಳುತ್ತಾನೆ. ಹಾಗಾಗಿ ಅದು ಕೊಲೆಯ ಸಾಧನವಾಗುವುದಕ್ಕಿಂತ ದಾರಿ ತಪ್ಪಿಸುವ ಸುಳಿವಾಗಿ ಚೆನ್ನಾಗಿ ಕೆಲಸ ಮಾಡಬಲ್ಲದು. ಕೊಲೆಯಾದ ವರ್ಷದ ಕ್ಯಾಲೆಂಡರನ್ನು ಎದುರಿಗೆ ತೂಗುಹಾಕಿಕೊಂಡು, ಮಳೆ, ಕೊಯ್ಲು, ಸುಲಿತ, ಅಡಿಕೆ ಮಂಡಿಗೆ ಹೋದ ದಿನ ಎಲ್ಲವನ್ನೂ ಗುರುತು ಮಾಡಿಕೊಳ್ಳಿ. ನಿಮ್ಮ ಕಾದಂಬರಿಗೆ ನಿಜವಾಗಿ ಬೇಕಾಗಿರುವ ಯೋಜನೆ ಅದು.

ಯೋಜನೆ ಎಂದರೆ ಒಮ್ಮೆ ಬರೆದು ಬೀಗ ಹಾಕುವಂಥದ್ದು ಎಂದೂ ಭಾವಿಸಬೇಕಾಗಿಲ್ಲ. ಕಥೆಯ ಮುಕ್ತಾಯವನ್ನು ಕಂಡುಕೊಳ್ಳದೆ ಲೇಖನಿಯನ್ನೇ ಹಿಡಿಯಬಾರದು ಎಂದು ಎಡ್ಗರ್ ಅಲನ್ ಪೋ 1846ರಲ್ಲಿ ವಾದಿಸಿದ್ದರು. ಅಗಾಥಾ ಕ್ರಿಸ್ಟಿ ಅಷ್ಟು ಬಿಗಿಯಾಗಿರಲಿಲ್ಲ. ಅವರ 73 ಟಿಪ್ಪಣಿ ಪುಸ್ತಕಗಳು ಉಳಿದಿವೆ. ಮನೆಯ ಸಾಮಾನಿನ ಪಟ್ಟಿಗಳ ಮಧ್ಯೆ, ಇವನು ಕೊಂದಿದ್ದರೆ ಹೇಗೆ, ಅವಳು ಕೊಂದಿದ್ದರೆ ಹೇಗೆ ಎಂದು ಹಲವು ಸಾಧ್ಯತೆಗಳನ್ನು ಅವರು ಅಲ್ಲಿ ತಿರುವಿ ಹಾಕಿದ್ದಾರೆ. ಅಷ್ಟು ಅಚ್ಚುಕಟ್ಟಾಗಿ ಕಾಣುವ ಕಥೆಗಳು ಟಿಪ್ಪಣಿಯ ಹಂತದಲ್ಲಿ ಇಷ್ಟೊಂದು ಅಲೆದಾಡಿವೆ ಎಂಬುದು ನನಗೆ ಬಹಳ ಧೈರ್ಯ ಕೊಡುವ ಸಂಗತಿ.

ಕಥೆಗಾರ್ತಿ:

ಹಳೆಯ ಓದುಗರು ಹೇಳಿದ ವಿಭಾಗವನ್ನು ಒಪ್ಪುತ್ತೇನೆ. ಆದರೆ ಅಪರಾಧದ ಕಥೆಯನ್ನು ಮೊದಲೇ ಕಟ್ಟುನಿಟ್ಟಾಗಿ ನಿರ್ಧರಿಸಲೇಬೇಕು ಎಂಬ ಮಾತನ್ನು ಒಪ್ಪಲಾರೆ. ಅದು ಹಸ್ತಪ್ರತಿ ಮುದ್ರಣಕ್ಕೆ ಹೋಗುವ ಹೊತ್ತಿಗೆ ನಿರ್ಧಾರವಾಗಿದ್ದರೆ ಸಾಕು. ಪತ್ತೇದಾರಿ ಕಾದಂಬರಿಕಾರ ಜಾರ್ಜ್ ಸಿಮೆನಾನ್ ಲಕೋಟೆಯೊಂದರ ಮೇಲೆ ಪಾತ್ರಗಳ ಹೆಸರು, ವಯಸ್ಸು, ವಿಳಾಸಗಳನ್ನು ಬರೆದುಕೊಂಡು, ಮುಂದೆ ಏನಾಗುತ್ತದೆ ಎಂಬುದನ್ನು ತಿಳಿಯದೆಯೇ ದಿನಕ್ಕೊಂದು ಅಧ್ಯಾಯದಂತೆ ಬರೆಯುತ್ತಿದ್ದರು. ಅವರಿಗೆ ಮನುಷ್ಯರು ಗೊತ್ತಿದ್ದರು. ಘಟನೆಗಳು ಆ ಮನುಷ್ಯರಿಂದ ಹುಟ್ಟುತ್ತಿದ್ದವು.

ಇದಕ್ಕೆ ಎದುರಾಗಿ ಎಲ್ಲರೂ ರೇಮಂಡ್ ಚಾಂಡ್ಲರ್ ಅವರ ‘ದಿ ಬಿಗ್ ಸ್ಲೀಪ್’ ಕಾದಂಬರಿಯ ಪ್ರಸಂಗವನ್ನು ಎತ್ತುತ್ತಾರೆ. ಅದರ ಚಲನಚಿತ್ರ ತಯಾರಾಗುತ್ತಿದ್ದಾಗ, ಕಾರಿನ ಚಾಲಕನನ್ನು ಕೊಂದವರು ಯಾರು ಎಂದು ತಂತಿ ಕಳುಹಿಸಿ ಕೇಳಿದರೆ, ತನಗೂ ಗೊತ್ತಿಲ್ಲವೆಂದು ಚಾಂಡ್ಲರ್ ಉತ್ತರಿಸಿದರಂತೆ. ಯೋಜನೆಯಿಲ್ಲದೆ ಬರೆದರೆ ಹೀಗಾಗುತ್ತದೆ ಎಂದು ಇದನ್ನು ಹೇಳುವುದುಂಟು. ಆದರೆ 1939ರ ಆ ಕಾದಂಬರಿ ಅವರದೇ ಹಳೆಯ ಸಣ್ಣಕಥೆಗಳನ್ನು ಸೇರಿಸಿ ಕಟ್ಟಿದ್ದು ಎಂಬುದನ್ನು ಮರೆಯಬಾರದು. ಎರಡು ಕಥೆಗಳನ್ನು ಜೋಡಿಸುವಾಗ ಬಿಟ್ಟುಹೋಗುವ ಎಳೆಗಳು, ಒಂದೇ ಕಥೆಯನ್ನು ಕೊನೆಯವರೆಗೆ ಹಿಂಬಾಲಿಸಿದವರಿಗೆ ಎದುರಾಗುವ ತೊಡಕಿಗಿಂತ ಬೇರೆಯೇ.

ನಿಜವಾಗಿ ಕಷ್ಟವಾಗುವುದು ವಾರಪತ್ರಿಕೆಗೆ ಧಾರಾವಾಹಿ ಬರೆಯುವವರಿಗೆ. ಅಚ್ಚಾದ ಕಂತನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಎರಡನೆಯ ವಾರ ಹೇಳಿದ ಸಮಯಕ್ಕೆ ಇಪ್ಪತ್ತನೆಯ ವಾರವೂ ಬದ್ಧರಾಗಿರಬೇಕು. ನಿಮಗೆ ಆ ಬಂಧನವಿಲ್ಲ. ಆದ್ದರಿಂದ ಈವರೆಗೆ ಬರೆದದ್ದನ್ನು ಅಪರಿಚಿತರ ಪುಸ್ತಕವೆಂಬಂತೆ ಒಮ್ಮೆ ಓದಿ, ಯಾವ ಉದ್ದೇಶವೂ ಇಲ್ಲದೆ ಬಂದು ಕುಳಿತಿರುವ ವಿವರಗಳಿಗೆ ಗೆರೆ ಹಾಕಿ. ಸುಲಿಯುವವರಿಗೆ ಅಳತೆಯ ಮೇಲೆ ಕೂಲಿ ಎಂದಮೇಲೆ, ಆ ರಾತ್ರಿ ಯಾರು ಎಷ್ಟು ಸುಲಿದರು ಎಂಬ ಲೆಕ್ಕವನ್ನು ಜಗಲಿಯಲ್ಲಿ ಯಾರೋ ಒಬ್ಬರು ಬರೆದಿಟ್ಟಿರಲೇಬೇಕು. ದಿನವೂ ಎಲ್ಲರಿಗಿಂತ ಹೆಚ್ಚು ಸುಲಿಯುವ ಒಬ್ಬಳ ಅಳತೆ ಆ ಒಂದು ರಾತ್ರಿ ಇಳಿದಿದ್ದರೆ? ವಾತಾವರಣಕ್ಕೆಂದು ಬರೆದ ಒಂದು ಸಾಲು ಹೀಗೆ ಸುಳಿವಾಗುತ್ತದೆ. ಇಂಥದ್ದನ್ನು ಟಿಪ್ಪಣಿ ಮಾಡುತ್ತ ಕಂಡುಹಿಡಿಯುವುದು ಬಹಳ ಕಷ್ಟ, ದೃಶ್ಯದೊಳಗೆ ಕುಳಿತಾಗ ಮಾತ್ರ ಕೈಗೆ ಸಿಗುತ್ತದೆ.

ಇನ್ನೊಂದು ವಿಷಯ. ಕೊಲೆಗಾರರನ್ನು ಬದಲಿಸಿದರೆ ಕಾರಣವನ್ನೂ ಬದಲಿಸಬೇಕೆಂದು ನೀವು ಅಂಜುತ್ತಿರಬಹುದು. ಹಾಗೇನಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಿಸ್ಸೆಯ ಜಗಳ ತಮ್ಮನದಾಗಿರುವಷ್ಟೇ ತಂಗಿಯದೂ ಆಗಬಹುದು, ಮತ್ತು ಆ ಮನೆಯಲ್ಲಿ ಅವಳ ಪಾಲನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲವೆಂದರೆ ಓದುಗರೂ ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟು ಸಹಜವಾದ ಮರೆಯನ್ನು ನಾನಾಗಿದ್ದರೆ ಬಿಡುತ್ತಿರಲಿಲ್ಲ.

ನಿವೃತ್ತ ರೈಟರ್:

ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ, ಅಂದರೆ ದಾಖಲೆಗಳನ್ನು ಬರೆಯುವವನಾಗಿ ಕೆಲಸ ಮಾಡಿದವನಾದ್ದರಿಂದ ನನಗೆ ತಿಳಿದ ಒಂದು ಭಾಗವನ್ನಷ್ಟೇ ಹೇಳುತ್ತೇನೆ. ಪಾತ್ರಗಳನ್ನು ಹೇಗೆ ಬೇಕಾದರೂ ಬೆಳೆಸಿ, ಆದರೆ ಠಾಣೆಯ ಕಾಗದಪತ್ರದ ಕ್ರಮವನ್ನು ಮೊದಲೇ ತಿಳಿದುಕೊಂಡಿರಿ. ಅನುಮಾನಾಸ್ಪದ ಸಾವಿನ ಸುದ್ದಿ ಬಂದರೆ ಸಾಮಾನ್ಯವಾಗಿ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಪಂಚರ ಸಮಕ್ಷಮ ಶವಪಂಚನಾಮೆ, ಮರಣೋತ್ತರ ಪರೀಕ್ಷೆ, ವಿಷದ ಶಂಕೆಯಿದ್ದರೆ ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಆ ವರದಿ ಮರುದಿನವೇ ಕೈಗೆ ಬರುವುದಿಲ್ಲ. ಕಾದಂಬರಿಗಳಲ್ಲಿ ಬೆಳಗಾಗುವುದರೊಳಗೆ ವರದಿ ಬಂದುಬಿಡುವುದನ್ನು ಓದಿದಾಗ ನನಗೆ ಮುಂದೆ ಓದುವ ಮನಸ್ಸೇ ಉಳಿಯುವುದಿಲ್ಲ. ಆ ಕಾಯುವ ಅವಧಿಯನ್ನು ಕೊರತೆಯೆಂದು ನೋಡಬೇಡಿ; ಮನೆಯವರು ಒಬ್ಬರನ್ನೊಬ್ಬರು ಅನುಮಾನಿಸುವುದು ಆ ದಿನಗಳಲ್ಲಿಯೇ.

ಕಥೆ ಯಾವ ವರ್ಷದ್ದು ಎಂಬುದನ್ನೂ ಈಗಲೇ ನಿಶ್ಚಯಿಸಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. 2023ರ ಕೊಯ್ಲಾದರೆ ಯುಡಿಆರ್ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಡಿ, ಕೊಲೆಯ ಪ್ರಕರಣ ಭಾರತೀಯ ದಂಡ ಸಂಹಿತೆಯ 302ರಡಿ. 2024ರ ಕೊಯ್ಲಾದರೆ ಮೊದಲನೆಯದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194, ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 103. ಇನ್‌ಸ್ಪೆಕ್ಟರ್ ಬಾಯಲ್ಲಿ ಒಂದು ಸಂಖ್ಯೆ ತಪ್ಪಿದರೂ ಬಲ್ಲವರು ಇಡೀ ತನಿಖೆಯನ್ನು ನಂಬುವುದಿಲ್ಲ.

ತೋಟದಮನೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಧ್ಯಾಯಗಳ ಟಿಪ್ಪಣಿಯನ್ನು ಬದಿಗಿಟ್ಟು, ಕೊಲೆಯ ಹಿಂದಿನ ಆರು ತಿಂಗಳುಗಳ ಕ್ಯಾಲೆಂಡರನ್ನು ಮಾತ್ರ ಸಿದ್ಧಪಡಿಸುತ್ತೇನೆ. ಕಥೆಯನ್ನು 2023ಕ್ಕೆ ಇಟ್ಟುಕೊಳ್ಳುತ್ತೇನೆ, ಮೈಲುತುತ್ತವನ್ನು ತಮ್ಮನೇ ಕೊಂಡು ತರಲಿ. ಒಂದೇ ಸಂದೇಹ ಉಳಿದಿದೆ. ತಂಗಿಯೇ ಕೊಂದವಳಾದರೆ, ಕೊನೆಗೌಡ ಮರದಿಂದ ನೋಡಿದ್ದನ್ನು ಓದುಗರಿಗೆ ಯಾವಾಗ ತಿಳಿಸಬೇಕು? ಕೊನೆಯವರೆಗೆ ಮುಚ್ಚಿಟ್ಟರೆ ಅನ್ಯಾಯವಾಗುವುದಿಲ್ಲವೇ?

ಕಥೆಗಾರ್ತಿ:

ಖಂಡಿತ ಅನ್ಯಾಯವಾಗುತ್ತದೆ. ಪತ್ತೇದಾರನಿಗೆ ಸಿಕ್ಕ ಸುಳಿವು ಆ ಕೂಡಲೇ ಓದುಗರ ಮುಂದೆಯೂ ಬರಬೇಕೆಂದು ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿಯೇ ನಿಯಮ ಮಾಡಿದ್ದರು. ಅವರ ಹತ್ತು ನಿಯಮಗಳಲ್ಲಿ ಕೆಲವು ಇಂದಿಗೆ ಸಲ್ಲುವುದಿಲ್ಲ, ಇದೊಂದು ಸಲ್ಲುತ್ತದೆ. ಕೊನೆಗೌಡ ತಾನು ಕಂಡದ್ದನ್ನು ಆರಂಭದಲ್ಲಿಯೇ, ಕೂಲಿಯ ಚೌಕಾಸಿ ನಡೆಯುತ್ತಿರುವಾಗ ಬಾಯಿಮಾತಿಗೆಂಬಂತೆ ಹೇಳಿಬಿಡಲಿ: ಅಮ್ಮ (ಅವನು ತಂಗಿಯನ್ನು ಕರೆಯುವುದು ಹಾಗೆ) ಹಿತ್ತಿಲಲ್ಲಿ ಹಂಡೆ ತೊಳೆಯುತ್ತಿದ್ದರು, ಅಷ್ಟೆ. ಹಂಡೆ ತೊಳೆಯುವ ಕೆಲಸ ಆ ಮನೆಯಲ್ಲಿ ದಿನವೂ ಯಾರದು ಎಂಬುದನ್ನು ಅದಕ್ಕೂ ಹಿಂದಿನ ಒಂದು ಅಧ್ಯಾಯದಲ್ಲಿ, ಬೇರೆ ಯಾವುದೋ ಮಾತಿನ ನಡುವೆ ಸೇರಿಸಿ. ಆ ಎರಡು ಪುಟಗಳ ನಡುವೆ ಮೈಲುತುತ್ತದ ರಸೀದಿ ಬಂದರೆ ಓದುಗರೆಲ್ಲ ತಮ್ಮನ ಹಿಂದೆ ಹೋಗುತ್ತಾರೆ.